ಮುಳ್ಳಿಲಿಗೆ ಹಚ್ಚಿದ ಟ್ಯೂಬು

ಡಿಸೆಂಬರ್ ೬, ಶನಿವಾರ

ನನಗೆ ಕೆಲಸ ಸಿಕ್ಕಿತು, ಅದೂ ನನ್ನ ಸ್ವಂತ ಗಂಡನ ಕೈಕೆಳಗೆ! ಮೈಮೇಲಿನ ಅರಿಸಿನ ಇನ್ನೂ ಪೂರ್ತಿ ಹೋಗಿಲ್ಲ, ಉಗುರಿನ ಸುತ್ತ ಮೆಹಂದಿ ಹಾಗೇ ಇದೆ, ಅಷ್ಟರಲ್ಲಿ ಇವತ್ತು ಸಂಜೆ ವೃಷಭ ಅಂಗಳದಲ್ಲಿ ನಿಂತು, "ಬ್ರಾಹ್ಮಿ, ನಾಳಿಂದ ನೀ ನನ್ನ ಕಂಪೌಂಡರ್ ನೋಡ" ಅಂದುಬಿಟ್ಟ. (ಈ ಡೈರಿಯಲ್ಲಿ ಮಾತ್ರ ‘ಅಂದ’. ಎದುರಿಗೆ ಎಲ್ಲಾ ‘ರೀ’, ‘ಹೌದ್ರಿ’.) ನಿಪ್ಪಾಣಿಯ ಶಾಲೆಯಲ್ಲಿದ್ದಾಗ ಡೈರಿಯನ್ನು ಇಂಗ್ಲಿಷಿನಲ್ಲೇ ಬರೆಯುತ್ತಿದ್ದೆ. ಈಗ ಆಗುತ್ತಿಲ್ಲ. ಇಷ್ಟು ಖುಷಿ ಆ ಭಾಷೆಯಲ್ಲಿ ಹಿಡಿಸುವುದಿಲ್ಲ!

ವೃಷಭ ರಾಯಬಾಗದಲ್ಲಿ ದನದ ಡಾಕ್ಟರು. ಮನೆಯ ಮುಂದಿನ ಕೋಣೆಯೇ ದವಾಖಾನೆ. ಬೆಳಿಗ್ಗೆ ಅನಂತಪುರದ ಸಿದರಾಯನ ಎಮ್ಮೆ ನೋಡಲು ಹೋಗಿದ್ದ. ಅಲ್ಲಿ ದ್ರಾಕ್ಷಿ ಹಚ್ಚಲು ಮೊರಬಿನ ಗರಸು ಮಣ್ಣಿನ ಇಳಿಜಾರನ್ನು ಜೆಸಿಬಿಯಿಂದ ಮಟ್ಟ ಮಾಡುತ್ತಿದ್ದರಂತೆ. ಒಂದು ಮುಳ್ಳಿನ ಪೊದೆ ಬೇರುಸಮೇತ ಎದ್ದಾಗ ಬುಡದಿಂದ ಚೆಂಡುಗಳು ಉರುಳಿ ಬಂದವು. ಮುಳ್ಳಿಲಿಗಳು! ಒಂದನ್ನು ಜೆಸಿಬಿಯ ಹಲ್ಲು ಅರ್ಧ ಮಾಡಿತು. ಉಳಿದವನ್ನು ಆಳುಗಳು ಸಲಿಕೆಯ ಹಿಡಿಯಿಂದ ಹೊಡೆದು, ಯಾರ ಚೆಂಡು ದೂರ ಹೋಗುತ್ತದೆ ಎಂದು ಪಂದ್ಯ ಕಟ್ಟಿದ್ದರಂತೆ. ವೃಷಭ ಹೋಗಿ ಕಸಿದುಕೊಳ್ಳುವಷ್ಟರಲ್ಲಿ ಮೂರು ಮಾತ್ರ ಜೀವಂತ ಇದ್ದವು. ಇದನ್ನೆಲ್ಲ ಅವನು ಎಮ್ಮೆಯ ಜ್ವರದ ಸುದ್ದಿ ಹೇಳಿದ ಹಾಗೆ ಹೇಳಿದ. ನಾನು ಗೋಳೋ ಎಂದು ಅತ್ತೆ.

"ಅಳೂದು ಆಮ್ಯಾಲ. ಮೊದಲ ಗ್ಲೌಸ್ ಹಾಕ್ಕೊ."

ಮೂರಕ್ಕೂ ಚರ್ಮರೋಗ. ಮೂತಿ, ಕಿವಿಗಳ ಸುತ್ತ ಸುಣ್ಣ ಮೆತ್ತಿದ ಹಾಗೆ ಹೊಪ್ಪಳಿಕೆ. ಬೆನ್ನ ಮೇಲೆ ಮುಳ್ಳು ಉದುರಿ ಬೋಳಾಗಿದೆ. ವೃಷಭ ಚರ್ಮ ಕೆರೆದು ಗಾಜಿಗೆ ಹಚ್ಚಿ ಮೈಕ್ರೋಸ್ಕೋಪಿನಲ್ಲಿ ತೋರಿಸಿದ. ನೂಲಿನ ತುಂಡಿನಂಥವು. ಶಿಲೀಂಧ್ರ! ಮನುಷ್ಯರಿಗೆ ಬರುವ ಗಜಕರ್ಣದ ಅಣ್ಣತಮ್ಮ. ಮುಟ್ಟಿದವರಿಗೂ ಅಂಟುತ್ತದೆ. ಅರಣ್ಯ ಇಲಾಖೆಯವರು ಫೋನಿನಲ್ಲಿ, ವಾಸಿ ಮಾಡಿ ಅಲ್ಲೇ ಬಿಡಿ ಎಂದಿದ್ದಾರೆ.

"ಹೆಸರ ಇಡಬ್ಯಾಡ, ಬಿಟ್ಟ ಬರಬೇಕಾದ ಜೀವಾ ಅವು" ಅಂದ. ಅಷ್ಟರಲ್ಲಿ ಇಟ್ಟಾಗಿತ್ತು. ದೊಡ್ಡ ಹೆಣ್ಣು ಕುಂದಾ. ದಪ್ಪ ಗಂಡು ಕರದಂಟು. ಅಂಗೈಯಲ್ಲಿ ಹಿಡಿಯುವ ಮರಿ, ಪೇಢೆ.

ಈ ಮನೆಯನ್ನು ನಾನು ಎಷ್ಟು ಪ್ರೀತಿಸುತ್ತೇನೆ! ಇಲ್ಲಿ ಯಾರೂ ದನಿ ಎತ್ತುವುದಿಲ್ಲ. ಹೊತ್ತು ಮುಳುಗುವ ಮುಂಚೆ ಎಲ್ಲರೂ ಕೂಡಿ ಊಟ. ಅತ್ತೆ ಜಿನಮತಿಯವರು ನೀರು ಸೋಸಿದ ಮೇಲೆ ಬಟ್ಟೆಯಲ್ಲಿ ಉಳಿದ ಕಣ್ಣಿಗೆ ಕಾಣದ ಜೀವಗಳನ್ನು ಮರಳಿ ಬಾವಿಗೆ ಬಿಟ್ಟು ಬರುತ್ತಾರೆ. ನಾವೂ ಜೈನರೇ, ಆದರೆ ನಮ್ಮ ನಿಪ್ಪಾಣಿಯ ಮನೆಯಲ್ಲಿ ಇದೆಲ್ಲ ಯಾವಾಗಲೋ ನಿಂತಿತ್ತು. ನಾದಿನಿ ಕೋಮಲ ಅಣ್ಣನ ಮದುವೆಗೆಂದು ಹುಬ್ಬಳ್ಳಿಯಿಂದ ಬಂದವಳು ಇನ್ನೂ ಇಲ್ಲೇ ಇದ್ದಾಳೆ. ನನ್ನ ಜೊತೆಗೆ ಇರಲೆಂದು ಉಳಿದಿದ್ದಾಳೆ, ಪಾಪ!

ಡಿಸೆಂಬರ್ ೮, ಸೋಮವಾರ

ಮುಳ್ಳಿಲಿ ಹುಳ ತಿನ್ನುವ ಪ್ರಾಣಿ. ಇಲ್ಲದಿದ್ದರೆ ಮೊಟ್ಟೆ ಬೇಕು. ನಮ್ಮ ಮನೆಯಲ್ಲಿ ಎರಡೂ ಹೊಸ್ತಿಲು ದಾಟುವ ಹಾಗಿಲ್ಲ. ಬೆಳಿಗ್ಗೆ ಇದೇ ದೊಡ್ಡ ಚರ್ಚೆ. ಮಾವ ಭಾವುಸಾಹೇಬರು ಪೇಪರಿನಿಂದ ತಲೆ ಎತ್ತಲಿಲ್ಲ. ಕೊನೆಗೆ ಅತ್ತೆಯೇ ದಾರಿ ಹೇಳಿದರು. ದನದ ಹಕ್ಕಿಯ, ಅಂದರೆ ಕೊಟ್ಟಿಗೆಯ, ಹಿಂದೆ ತಿಪ್ಪೆ ಇದೆ. ಸುತ್ತ ತಗಡು ನಿಲ್ಲಿಸಿ, ಸಂಜೆ ಒಂದೊಂದನ್ನೇ ಅಲ್ಲಿ ಬಿಡುವುದು.

"ತಾನ ಹಿಡದ ತಿಂದ್ರ ಅದರ ಕರ್ಮ. ನಾವ ಹಿಡದ ಕೊಟ್ರ ನಮ್ಮ ಕರ್ಮ" ಅಂದರು.

ಎಷ್ಟು ಸುಂದರವಾದ ಮಾತು! ಇಲ್ಲಿ ಬರೆದಿಟ್ಟುಕೊಂಡೆ.

ಸಂಜೆ ಕುಂದಾಳನ್ನು ಬಿಟ್ಟೆವು. ಮುದ್ದು ಮುದ್ದಾಗಿ ಮೂಸುತ್ತಾ ಹೋಗಿ ಒಂದು ಸಗಣಿಹುಳವನ್ನು ಹಿಡಿಯಿತು. ಹುಳದ ಕಾಲು ಇನ್ನೂ ಆಡುತ್ತಿದ್ದಾಗ ಹೊಟ್ಟೆಯ ಕಡೆಯಿಂದ ತಿನ್ನತೊಡಗಿತು. ಕರಕರ ಸದ್ದು. ನಾನು ಕಣ್ಣು ಮುಚ್ಚಿಕೊಂಡೆ. ಕೋಮಲ ಬಗ್ಗಿ ಕುಳಿತು ಕೊನೆಯವರೆಗೂ ನೋಡಿದಳು.

ಚಿಕಿತ್ಸೆ ಸುಲಭವಿಲ್ಲ. ಮೂತಿ ಹೊರಗೆ ಬಂದ ಕ್ಷಣದಲ್ಲಿ ಡ್ರಾಪರಿನಿಂದ ಬಾಯಿಯ ಬದಿಗೆ ಔಷಧಿ ಬಿಡಬೇಕು. ದಿನ ಬಿಟ್ಟು ದಿನ ಗಂಧಕ ಬೆರೆಸಿದ ಸುಣ್ಣದ ನೀರಿನ ಸ್ನಾನ. ಹಾಸಿದ ಬಟ್ಟೆಯನ್ನು ದಿನಾಲೂ ಸುಡಬೇಕು. ಮೂರಕ್ಕೂ ಬೇರೆ ಬೇರೆ ಪೆಟ್ಟಿಗೆ, ಬೇರೆ ಬೇರೆ ಗ್ಲೌಸ್. ಆ ನೀರು ಥೇಟ್ ಕೊಳೆತ ಮೊಟ್ಟೆಯ ಹಾಗೆ ನಾರುತ್ತದೆ. ಹಾಸ್ಟೆಲಿನಲ್ಲಿದ್ದ ನನಗೆ ಆ ವಾಸನೆ ಗೊತ್ತು. "ಏನವಾ ಇದು ಇಂಥಾ ವಾಸನಿ?" ಎಂದು ಅತ್ತೆ ಕೇಳಿದಾಗ, "ಔಷಧದ್ದು ಅತ್ತಿ" ಎಂದಷ್ಟೇ ಹೇಳಿದೆ.

ಡಿಸೆಂಬರ್ ೧೦, ಬುಧವಾರ

ನಾನೊಂದು ತಪ್ಪು ಮಾಡಿದೆ.

ಮೂರು ಪೆಟ್ಟಿಗೆ, ಮೂರು ಒಂಟಿ ಜೀವ. ಒಂದೇ ಪೊದೆಯಿಂದ ಬಂದವು, ಅಪ್ಪ, ಅವ್ವ, ಕೂಸು, ಕೂಡಿ ಇದ್ದರೆ ಬೇಗ ವಾಸಿಯಾಗುತ್ತವೆ ಎಂದುಕೊಂಡೆ. ವೃಷಭ ಕರೋಶಿಗೆ ಹೋಗಿದ್ದ. ಮೂರನ್ನೂ ದೊಡ್ಡ ಬುಟ್ಟಿಯಲ್ಲಿಟ್ಟು ಮೇಲೆ ಸೆರಗಿನ ತುಂಡು ಹೊದಿಸಿ, ಫೋಟೋ ತೆಗೆದು, ಚಹಾ ಮಾಡಲು ಒಳಗೆ ಹೋದೆ.

ಚೀರಿದ್ದು ಕೇಳಿ ಓಡಿಬಂದರೆ ಕರದಂಟು ಪೇಢೆಯ ಮುಂಗಾಲನ್ನು ಕಚ್ಚಿ ಹಿಡಿದು ತಲೆ ಒದರುತ್ತಿತ್ತು, ನಾಯಿ ಹರಕು ಬಟ್ಟೆ ಒದರಿದ ಹಾಗೆ. ಕುಂದಾ ಒಂದು ಮೂಲೆಯಲ್ಲಿ ಉಂಡೆಯಾಗಿ ಬಿದ್ದುಕೊಂಡಿತ್ತು. ಏನೂ ಮಾಡಲಿಲ್ಲ. ಬುಟ್ಟಿಯ ಬಿದಿರೆಲ್ಲ ರಕ್ತ. ನನ್ನ ಕೈ ಮುಂದಕ್ಕೇ ಹೋಗಲಿಲ್ಲ. ಕೋಮಲ ಬಂದವಳೇ ಕರದಂಟುವಿನ ದವಡೆಗೆ ಚಮಚದ ಹಿಡಿ ತುರುಕಿ, ಬಾಯಿ ಬಿಡಿಸಿ, ಅದನ್ನು ಎತ್ತಿ ಬೇರೆ ಪೆಟ್ಟಿಗೆಗೆ ಒಗೆದಳು. ಬರಿಗೈಯಲ್ಲಿ.

ವೃಷಭ ಬಂದು ಪೇಢೆಯ ಆ ಪಾದವನ್ನು ಕತ್ತರಿಸಿ ತೆಗೆದ. ಕತ್ತರಿ ನಾನು ಹಿಡಿದುಕೊಡಬೇಕಿತ್ತು. ನಾನು ಬಚ್ಚಲಲ್ಲಿ ವಾಂತಿ ಮಾಡುತ್ತಿದ್ದೆ.

"ಅವ್ಕ ಸಂಸಾರ ಅನ್ನೂದ ಇಲ್ಲ, ಬ್ರಾಹ್ಮಿ. ಒಂಟಿ ಇರೂ ಪ್ರಾಣಿ. ಕೂಡಿಸಿ ಇಟ್ಟಿ ಅಂದ್ರ ಒಂದನ್ನೊಂದು ಹರೀತಾವು" ಅಂದ. ಬೈಯಲಿಲ್ಲ. ಎಷ್ಟು ಒಳ್ಳೆಯವನು!

ಡಿಸೆಂಬರ್ ೧೧, ಗುರುವಾರ

ಕೋಮಲ ತೋಳೇರಿಸಿ ಪೆಟ್ಟಿಗೆ ತೊಳೆಯುತ್ತಿದ್ದಳು. ಮೊಣಕೈಯಿಂದ ಮೇಲೆ ಹಳದಿ, ಹಸಿರು, ನೀಲಿ. ಹಳೆಯದರ ಮೇಲೆ ಹೊಸದು.

"ಏನಿದು ಕೋಮಲ?"

"ಬಚ್ಚಲದಾಗ ಜಾರಿ ಬಿದ್ದೆ ವೈನಿ."

"ಮದುವಿಗೆ ಬರೂಕಿಂತ ಮೊದಲು?"

"ನಮ್ಮ ಮನ್ಯಾಗ ಬಚ್ಚಲ ಭಾಳ ಜಾರತೈತಿ" ಎಂದು ನಕ್ಕಳು. ನಾನೂ ನಕ್ಕೆ. ಆಮೇಲೆ ಯಾಕೆ ನಕ್ಕೆನೋ ಗೊತ್ತಾಗಲಿಲ್ಲ.

ಪೇಢೆ ಅವಳ ಕೈಯಲ್ಲಿ ಮಾತ್ರ ಉಂಡೆಯಾಗುವುದಿಲ್ಲ. ಮೂರು ಕಾಲಿನ ಮೇಲೆ ನಿಂತು ಅವಳ ಬೆರಳು ಮೂಸುತ್ತದೆ.

ಡಿಸೆಂಬರ್ ೧೫, ಸೋಮವಾರ

ನನಗೂ ಬಂತು! ಎಡಗೈ ಮಣಿಕಟ್ಟಿನಲ್ಲಿ ಹಸಿರು ಬಳೆಗಳ ಕೆಳಗೆ ಇನ್ನೊಂದು ಬಳೆ, ಕೆಂಪು. ಉರಿ, ತುರಿಕೆ. ವೃಷಭ ಹಚ್ಚುವ ಔಷಧಿ ಕೊಟ್ಟು, "ಹದಿನೈದ ಇಪ್ಪತ್ತ ದಿನಾ ಹಿಡೀತೈತಿ, ಗಡಬಡಿ ಮಾಡಬ್ಯಾಡ" ಅಂದ.

ಆದರೆ ಭಾನುವಾರ ಹುಬ್ಬಳ್ಳಿಯವರು ಬರುತ್ತಾರೆ. ಕೋಮಲಳ ಗಂಡ ಧರಣೇಂದ್ರ, ಅವನ ಸೋದರಮಾವ, ಇಬ್ಬರು ಹಿರಿಯರು. ಕೋಮಲಳನ್ನು ಕರೆದುಕೊಂಡು ಹೋಗಲು. ಅಡುಗೆಮನೆಯಲ್ಲಿ ಅತ್ತೆ ನನ್ನ ಕೈ ಹಿಡಿದು ನೋಡಿ ಗಾಬರಿಯಾದರು.

"ಹೊಸಾ ಸೊಸಿ ಕೈಮ್ಯಾಲ ಗಜಕರ್ಣ ಅಂದ್ರ ಬಂದ ಮಂದಿ ಏನಂದಾರವಾ?" ಎಂದು ಕಪಾಟಿನಿಂದ ಒಂದು ಟ್ಯೂಬು ತೆಗೆದರು. ಮೆಡಿಕಲ್ ಶಾಪಿನಲ್ಲಿ ತುರಿಕೆಗೆಂದು ಕೇಳಿದರೆ ಚೀಟಿಯಿಲ್ಲದೆ ಕೊಡುತ್ತಾರಲ್ಲ, ಅದು. ಅವರ ಕುತ್ತಿಗೆಯ ಹಿಂದೆ ವರ್ಷಗಳಿಂದ ಒಂದು ಕಪ್ಪು ಕಲೆ ಇದೆ, ಅದು ತುರಿಸಿ ಎದ್ದಾಗಲೆಲ್ಲ ಇದನ್ನೇ ಹಚ್ಚುತ್ತಾರಂತೆ. "ಎರಡ ದಿನದಾಗ ಮಂಗಮಾಯ. ಅವಗ ಹೇಳಬ್ಯಾಡ, ಡಾಕ್ಟರ್ ಆಗ್ಯಾನ, ಎಲ್ಲಾಕೂ ಒದರತಾನ."

ತಾವೇ ಕೂತು ಹಚ್ಚಿದರು. ಬೆರಳು ಎಷ್ಟು ಮೆತ್ತಗೆ! ನನ್ನವ್ವ ನೆನಪಾಗಿ ಕಣ್ಣು ತುಂಬಿತು.

ಡಿಸೆಂಬರ್ ೧೮, ಗುರುವಾರ

ಜಾದೂ! ಮಣಿಕಟ್ಟು ಮೊದಲಿನ ಹಾಗೆ ಆಯಿತು. ಇನ್ನೊಂದು ಗುಟ್ಟು: ಅತ್ತೆ ಮುಳ್ಳಿಲಿಗಳಿಗೂ ಅದನ್ನೇ ಹಚ್ಚುತ್ತಿದ್ದಾರೆ. "ಮೂಕ ಪ್ರಾಣಿ, ಆ ನಾರೂ ನೀರಾಗ ಅದ್ದಿ ಅದ್ದಿ ಯಾಕ ಹಿಂಸಾ ಕೊಡತೀರಿ?" ಎಂದು ಮಧ್ಯಾಹ್ನ ವೃಷಭ ಇಲ್ಲದಾಗ ಬಂದು ಮೂತಿಗೆ, ಕಿವಿಗೆ ಸವರುತ್ತಾರೆ. ಕುಂದಾಳ ಮುಖದ ಕೆಂಪೆಲ್ಲ ಇಳಿದಿದೆ! ವೃಷಭ ನೋಡಿ, "ಔಷಧ ಛಲೋ ಹತ್ತೇತಿ" ಅಂದ. ನಾನು ಸುಮ್ಮನೆ ನಕ್ಕೆ.

ಡಿಸೆಂಬರ್ ೨೧, ಭಾನುವಾರ

ಎಲ್ಲ ಸರಿಹೋಯಿತು! ಇವತ್ತಿನಂಥ ದಿನ ನಾನು ನೋಡಿಲ್ಲ. ಪಡಸಾಲೆಯಲ್ಲಿ ಜಮಖಾನೆ ಹಾಸಿ ಹಿರಿಯರು ಕೂತರು. ಧರಣೇಂದ್ರ ಎತ್ತರದ, ಬೆಳ್ಳಗಿನ, ಮೆತ್ತನೆ ಮಾತಿನ ಮನುಷ್ಯ. ಅವನ ಸೋದರಮಾವ, "ಹುಡುಗರು. ಸಿಟ್ಟ ಬರತೈತಿ, ಹೋಗತೈತಿ. ದೊಡ್ಡವರಾದ ನಾವು ಮುಚ್ಚಿಕೊಂಡ ಹೋಗಬೇಕು" ಅಂದ. ಮಾವನವರೂ, "ಹೌದ್ರಿ, ಕೂಡಿ ಕುಂತ ಮಾತಾಡಿದ್ರ ಬಗೀಹರೀದ್ದ ಯಾವದೈತಿ?" ಅಂದರು. ಆಗ ಧರಣೇಂದ್ರ ಎದ್ದು ಮಾವನವರ ಕಾಲಿಗೆ ಬಿದ್ದು ಅತ್ತುಬಿಟ್ಟ. ಅತ್ತೆಯೂ ಅತ್ತರು, ನಾನೂ ಅತ್ತೆ. ಇದು ಮೂರನೆಯ ಸಲವಂತೆ, ಹೀಗೆ ಕೂತು ಬಗೆಹರಿಸಿದ್ದು. ಪ್ರತಿ ಸಲವೂ ಸರಿಹೋಗಿದೆಯಂತೆ.

ಕೋಮಲಳಿಗೆ ಹೊಸ ಸೀರೆ ಉಡಿಸಿ ಉಡಿ ತುಂಬಿದೆವು. ಅವಳು ಮಾತ್ರ ಅಳಲಿಲ್ಲ. ಹೊರಡುವ ಮುಂಚೆ ಹಕ್ಕಿಗೆ ಹೋಗಿ ಪೇಢೆಯನ್ನು ಎತ್ತಿಕೊಂಡಳು.

"ಇದನ್ನ ಯಾರ ಜೋಡೀನೂ ಇಡಬ್ಯಾಡ್ರಿ ವೈನಿ. ಒಂದ ಇರಲಿ."

ಕಾರು ಹತ್ತುವಾಗ ಧರಣೇಂದ್ರ ಅವಳ ಕುತ್ತಿಗೆಯ ಹಿಂದೆ ಕೈಯಿಟ್ಟು ಒಳಗೆ ಕೂರಿಸಿದ. ಎಷ್ಟು ಕಾಳಜಿ! ಅವನ ಬೆರಳ ಗೆಣ್ಣುಗಳು ಬೆಳ್ಳಗಾಗಿದ್ದವು. ಅದೊಂದು ಯಾಕೋ ಕಣ್ಣಿನಿಂದ ಹೋಗುತ್ತಿಲ್ಲ.

ಡಿಸೆಂಬರ್ ೨೫, ಗುರುವಾರ

ಮಣಿಕಟ್ಟಿನಲ್ಲಿ ಮತ್ತೆ ಎದ್ದಿದೆ. ಒಂದು ಬಳೆಯಲ್ಲ. ಮೊಣಕೈವರೆಗೆ, ಒಂದರೊಳಗೊಂದು, ನಡುವೆ ಕೀವಿನ ಗುಳ್ಳೆ.

ಪೆಟ್ಟಿಗೆ ತೆರೆದರೆ ಕುಂದಾಳ ಮೂತಿ ಇರಲಿಲ್ಲ. ಅಂದರೆ ಇತ್ತು, ಮೂತಿಯ ಹಾಗೆ ಇರಲಿಲ್ಲ. ಚರ್ಮ ಎದ್ದು ಒಡೆದು ಕಣ್ಣು ಮುಚ್ಚಿಹೋಗಿತ್ತು. ಹಿಡಿದರೆ ಮುಳ್ಳುಗಳು ಗೊಂಚಲು ಗೊಂಚಲಾಗಿ ಗ್ಲೌಸಿಗೆ ಬಂದವು, ಬುಡದಲ್ಲಿ ರಕ್ತದ ಸಮೇತ.

ವೃಷಭ ಟ್ಯೂಬನ್ನು ಕಂಡುಹಿಡಿದ. ಈ ಮನೆಯಲ್ಲಿ ಮೊದಲ ಸಲ ದನಿ ಎತ್ತಿದ್ದನ್ನು ಕೇಳಿದೆ.

"ಅವ್ವಾ, ಇದರಾಗ ಸ್ಟೆರಾಯ್ಡ್ ಐತಿ! ಇದು ಬೆಂಕಿ ಆರಸೂದುಲ್ಲ. ಹೊಗಿ ಕಾಣದಂಗ ಮಾಡತೈತಿ ಅಷ್ಟ. ಮ್ಯಾಲ ತಣ್ಣಗ ಕಾಣತೈತಿ, ಒಳಗ ಮನಿ ಸುಡತಿರತೈತಿ!"

ಅತ್ತೆ ಕಂಬಕ್ಕೆ ಒರಗಿ ನಿಂತಿದ್ದರು. "ಚಂದ ಕಾಣಾಕತ್ತಿತ್ತಲ್ಲೋ" ಅಂದರು. ಮತ್ತೆ, "ಛಲೋ ಆಗ್ಯಾವು ಅಂತ ತಿಳಕೊಂಡೆ."

ಅವರ ಕೈ ತಾನಾಗಿ ಕುತ್ತಿಗೆಯ ಹಿಂದಿನ ಕಲೆಗೆ ಹೋಗಿತ್ತು.

ಡಿಸೆಂಬರ್ ೨೭, ಶನಿವಾರ

ಕುಂದಾ ಸತ್ತಿತು. ಕೊನೆಯಲ್ಲಿ ಉಂಡೆಯಾಗಲೂ ಬಲ ಇರಲಿಲ್ಲ, ಹೊಟ್ಟೆ ತೋರಿಸಿಕೊಂಡು ಬಿದ್ದಿತ್ತು. ಹೂಳಿದರೆ ಮಣ್ಣಿನಲ್ಲಿ ರೋಗ ಉಳಿಯುತ್ತದೆ ಎಂದು ವೃಷಭ ಸುಡಲು ಹೇಳಿದ. ನಾನೇ ಸುಟ್ಟೆ. ಮುಳ್ಳುಗಳು ಚಟಪಟ ಎಂದವು.

ಕರದಂಟು ಮತ್ತು ಪೇಢೆಗೆ ಮತ್ತೆ ಮೊದಲಿನಿಂದ ಶುರು. ಹೊಪ್ಪಳಿಕೆ ಮೆತ್ತಗಾಗುವವರೆಗೆ ನೆನೆಸಿ, ಬ್ರಷ್ಷಿನಿಂದ ಉಜ್ಜಿ ಕೀಳಬೇಕು. ಚೀರುತ್ತವೆ, ಕೂಸಿನ ದನಿಯೇ. ನಾನು ಉಜ್ಜುತ್ತೇನೆ. ನಿಲ್ಲಿಸಿದರೆ ಒಳಗೆ ಉಳಿದುಬಿಡುತ್ತದೆ. ನನ್ನ ಕೈಯನ್ನೂ ಹಾಗೇ ಉಜ್ಜಿಕೊಂಡೆ.

ಡಿಸೆಂಬರ್ ೩೦, ಮಂಗಳವಾರ

ಕೋಮಲ ಫೋನು ಮಾಡಿದಳು, ಮುಖ ಕಾಣುವ ಹಾಗೆ. ಬಚ್ಚಲ ಬಾಗಿಲು ಹಾಕಿಕೊಂಡು ಪಿಸುಗುಟ್ಟುತ್ತಿದ್ದಳು. ಅವಳ ಬಲಗೈಯ ಎರಡು ಬೆರಳನ್ನು ಧರಣೇಂದ್ರ ಕಪಾಟಿನ ಬಾಗಿಲಲ್ಲಿಟ್ಟು ಬಾಗಿಲು ಒದ್ದಿದ್ದಾನೆ. ಹಿರಿಯರ ಮುಂದೆ ಅವನು ಅಳುವಂತೆ ಮಾಡಿದ್ದಕ್ಕೆ. ಬೆರಳು ಬದನೆಕಾಯಿಯ ಬಣ್ಣಕ್ಕೆ ತಿರುಗಿವೆ. ಕೆಳತುಟಿ ಹರಿದಿದೆ.

"ಪೇಢೆ ಹೆಂಗೈತಿ ವೈನಿ?" ಎಂದು ಕೇಳಿದಳು.

ಮಾವನವರಿಗೆ ಹೇಳಿದೆ. ಅವರು, "ಸಂಕ್ರಮಣ ಆಗಲಿ. ಮತ್ತ ಹಿರ್ಯಾರನ್ನ ಕೂಡಸೂಣು" ಅಂದರು. ವೃಷಭ, "ನಾನೊಂದು ಮಾತ ದಾಜಿ ಜೋಡಿ ಮಾತಾಡತೇನಿ" ಅಂದ. ತಂಗಿಯ ಗಂಡನಿಗೆ ಈಗಲೂ ದಾಜಿ. ಅತ್ತೆ ನೀರು ಸೋಸುತ್ತಿದ್ದರು. ಬಟ್ಟೆಯನ್ನು ಬಾವಿಯಲ್ಲಿ ಅದ್ದಲು ಹೋದವರು ಬಾವಿಯ ಕಟ್ಟೆಯ ಮೇಲೇ ಕೂತುಬಿಟ್ಟರು. ಬಟ್ಟೆ ಕೈಯಲ್ಲೇ ಒಣಗಿತು.

ಕರದಂಟುವಿನ ಮೂತಿ ಪರವಾಗಿಲ್ಲ. ಔಷಧಿ ಕೊಡುವಾಗ ಕಚ್ಚಲು ಬಂತು. ಕತ್ತು ಹಿಡಿದು ನೆಲಕ್ಕೆ ಒತ್ತಿ ಕುಡಿಸಿದೆ.

ಜನವರಿ ೨, ಶುಕ್ರವಾರ

ಏನೂ ಇಲ್ಲ. ಕೋಮಲಳ ಫೋನು ಬಂದ್ ಆಗಿದೆ.

ಜನವರಿ ೪, ಭಾನುವಾರ

ಕ್ರಮವಾಗಿ ಬರೆಯುತ್ತೇನೆ, ಆಮೇಲೆ ಯಾರಾದರೂ ಕೇಳಿದರೆ ನೆನಪಿರಲಿ.

ಮಧ್ಯಾಹ್ನ ಊಟ ಮುಗಿದಿತ್ತು. ನಾನು ದನದ ಹಕ್ಕಿಯಲ್ಲಿ ಪೆಟ್ಟಿಗೆ ತೊಳೆದು, ಸಲಿಕೆಯಿಂದ ಹಳೆಯ ಹಾಸು ಬಳಿಯುತ್ತಿದ್ದೆ. ಧರಣೇಂದ್ರನ ಕಾರು ಬಂದು ನಿಂತಿತು. ಎಲ್ಲರ ಹಾಗೆ ಬೂಟು, ಕಾಲುಚೀಲ ಹೊಸ್ತಿಲಲ್ಲಿ ಬಿಚ್ಚಿಟ್ಟೇ ಒಳಗೆ ಹೋದ. ಇಂಥ ಮನುಷ್ಯನಿಗೂ ಅದೊಂದು ನೆನಪಿರುತ್ತದೆ.

"ಎಲ್ಲಿ ಅದಾಳ ಅಕಿ? ಹೊರಗ ಕರೀರಿ!"

ಕೋಮಲ ನಿನ್ನೆ ಬೆಳಿಗ್ಗೆಯೇ ಹುಬ್ಬಳ್ಳಿಯ ಮನೆ ಬಿಟ್ಟಿದ್ದಾಳೆ. ಅದು ನಮಗೆ ಗೊತ್ತಾಗಿದ್ದೇ ಹಾಗೆ.

ಒಳಗಿನಿಂದ ಪಾತ್ರೆ ಬೀಳುವ ಸದ್ದು. ಹಕ್ಕಿಯ ಬಾಗಿಲಿನಿಂದ ಪಡಸಾಲೆ ಕಾಣುತ್ತಿತ್ತು. ವೃಷಭ ಕೈಮುಗಿದು, "ದಾಜಿ, ಕುಂದರ್ರಿ, ಮಾತಾಡೂಣು" ಎನ್ನುತ್ತಿದ್ದ. ಒಂದು ಏಟಿಗೆ ಅವನ ಕನ್ನಡಕ ಅಂಗಳಕ್ಕೆ ಬಂದು ಬಿತ್ತು. ಅತ್ತೆ ಅಡ್ಡ ಬಂದರು. ಅವರನ್ನು ಎದೆಗೆ ಕೈಹಾಕಿ ತಳ್ಳಿದ. ಅತ್ತೆಯ ತಲೆ ಕಂಬಕ್ಕೆ ಬಡಿಯಿತು. ತೆಂಗಿನಕಾಯಿ ಒಡೆದ ಸದ್ದು. ಮಾವನವರು, "ಅಳಿಯಾರ, ಅಳಿಯಾರ, ಹಂಗ ಮಾಡಬ್ಯಾಡ್ರಿ" ಎನ್ನುತ್ತಲೇ ಇದ್ದರು. ಆ ‘ರಿ’ ಮಾತ್ರ ಬಿಡಲಿಲ್ಲ.

ಆಮೇಲೆ ಹಕ್ಕಿಗೆ ಬಂದ. ನನ್ನನ್ನು ನೋಡಿ, "ಏ, ನಿನಗ ಗೊತ್ತ ಐತಿ. ದಿನಾ ಫೋನ್ ಮಾಡತಿದ್ಲು" ಅಂದ. ನಾನು ಗೊತ್ತಿಲ್ಲ ಅಂದೆ. ಪೆಟ್ಟಿಗೆಗಳನ್ನು ನೋಡಿ, "ಇದನ್ನ ನೋಡೂ ಸಲುವಾಗಿ ಅಳತಿದ್ಲು ಅಲ್ಲಾ ಅಕಿ? ಇದನ್ನ?" ಎಂದು ಕರದಂಟುವಿನ ಪೆಟ್ಟಿಗೆಯನ್ನು ಉರುಳಿಸಿದ. ಕರದಂಟು ನೆಲದ ಮೇಲೆ ಉಂಡೆಯಾಯಿತು. ಒದ್ದ. ಬರಿಗಾಲಲ್ಲಿ.

ಮುಳ್ಳು ಪಾದದ ತುಂಬಾ ನಾಟಿದವು. ಊಳಿಟ್ಟ. ಕುಂಟುತ್ತಾ, ಬಿದ್ದಿದ್ದ ಗೋಣಿಯಲ್ಲಿ ಅದನ್ನು ಸುತ್ತಿ ಎತ್ತಿ ಗೋಡೆಗೆ ಬೀಸಿದ. ಮತ್ತೊಮ್ಮೆ ಬೀಸಿದ. ಗೋಣಿಯಿಂದ ರಕ್ತ ಸೋರಿತು. ಅದನ್ನು ಬಿಸುಟು ಪೇಢೆಯ ಪೆಟ್ಟಿಗೆಯ ಕಡೆ ಕೈ ಚಾಚಿದ.

ಚಾಚಿದ ಕೈಗೆ ಸಲಿಕೆಯ ಅಂಚಿನಿಂದ ಹೊಡೆದೆ. ಮೂಳೆ ಮುರಿಯಿತು. ಕಬ್ಬು ಮುರಿದಂತೆ ಸದ್ದಾಯಿತು, ಒಳ್ಳೆಯ ರಸವಿರುವ ಕಬ್ಬು. ಅವನು ಕೂತ. ಮೊಣಕಾಲಿಗೆ ಹೊಡೆದೆ, ಏಳಬಾರದೆಂದು. ಬಿದ್ದ. ಮೂರನೆಯದಕ್ಕೆ ಎತ್ತಿದಾಗ ವೃಷಭ ಹಿಂದಿನಿಂದ ಬಂದು ಸಲಿಕೆ ಹಿಡಿದುಕೊಂಡ.

"ಸಾಕು, ಬ್ರಾಹ್ಮಿ. ಸಾಕು."

"ಯಾಕ್ರಿ?" ಎಂದು ಕೇಳಿದೆ. ನಿಜವಾಗಿ ಗೊತ್ತಾಗದೆ ಕೇಳಿದೆ. ವೃಷಭ ಕನ್ನಡಕವಿಲ್ಲದ ಕಣ್ಣಿನಿಂದ ನನ್ನನ್ನು ನೋಡುತ್ತಾ ನಿಂತ, ಗುರುತು ಸಿಗದವರನ್ನು ನೋಡುವ ಹಾಗೆ.

ಧರಣೇಂದ್ರನನ್ನು ಅವನ ಕಾರಿನಲ್ಲೇ ಊರಿನ ದೊಡ್ಡ ದವಾಖಾನೆಗೆ ಒಯ್ದರು. ಅತ್ತೆಗೆ ಹೊಲಿಗೆ ಬಿದ್ದಿದೆ. ನಾನು ಸಲಿಕೆಯನ್ನು ಬ್ಲೀಚಿನಲ್ಲಿ ತೊಳೆದೆ, ಶಿಲೀಂಧ್ರ ಕಬ್ಬಿಣದ ಮೇಲೂ ಉಳಿಯುತ್ತದೆ. ಪೇಢೆಗೆ ಔಷಧಿ ಕೊಟ್ಟೆ. ಕರದಂಟುವನ್ನು ಸುಟ್ಟೆ.

ಜನವರಿ ೫, ಸೋಮವಾರ

ಒಳ್ಳೆಯ ನಿದ್ದೆ ಬಂತು.

ಪೊಲೀಸರು ಬಂದರೆ ನಡೆದದ್ದನ್ನೆಲ್ಲ ಹೇಳುತ್ತೇನೆಂದು ಬೆಳಿಗ್ಗೆ ಸೀರೆ ಉಟ್ಟು ಕೂತಿದ್ದೆ, ಅವತ್ತು ಅವಳ ಮುಖ ಕಾಣುವ ಫೋನು ಬಂದಾಗ ತೆಗೆದಿಟ್ಟಿದ್ದ ಕೋಮಲಳ ಬೆರಳಿನ ಫೋಟೋ ಫೋನಿನಲ್ಲಿ ಇತ್ತು. ಯಾರೂ ಬರಲಿಲ್ಲ. ಸಂಜೆ ವೃಷಭ ಸುದ್ದಿ ತಂದ. ಕೈಗೆ ಪ್ಲಾಸ್ಟರು ಹಾಕಿದ ಡಾಕ್ಟರಿಗೆ ಧರಣೇಂದ್ರ, ಬಚ್ಚಲಲ್ಲಿ ಜಾರಿ ಬಿದ್ದೆ ಎಂದು ಹೇಳಿದ್ದಾನಂತೆ.

ನನಗೆ ನಗು ಬಂತು. ಬಹಳ ಹೊತ್ತು ನಕ್ಕೆ. ವೃಷಭ ನಗಲಿಲ್ಲ. ಔಷಧಿ ಹಚ್ಚಲು ನನ್ನ ಕೈ ಹಿಡಿದವನು, ಮುಗಿದ ಮೇಲೂ ಬಿಡಲಿಲ್ಲ.

ಜನವರಿ ೬, ಮಂಗಳವಾರ

ಕೋಮಲ ಸಿಕ್ಕಳು. ಧಾರವಾಡದಲ್ಲಿ ಕಾಲೇಜಿನ ಗೆಳತಿಯ ಮನೆಯಲ್ಲಿದ್ದಾಳೆ. ಆ ಗೆಳತಿಯ ಫೋನಿನಿಂದ ಮಾಡಿದ್ದಳು. ಬೆರಳುಗಳಿಗೆ ಪಟ್ಟಿ ಕಟ್ಟಿಸಿದ್ದಾರೆ. ಪಡಸಾಲೆಯಲ್ಲಿ ಎಲ್ಲರ ನಡುವೆ ಫೋನಿಟ್ಟು ಮಾತಾಡಿದೆವು.

"ಬರತೇನಿ. ಆದರ ಒಂದ ಮಾತು. ಮತ್ತ ಜಮಖಾನಿ ಹಾಸತೀರಿ ಅಂದ್ರ ಈಗ ಹೇಳ್ರಿ. ನಾ ರಾಯಬಾಗ ಸ್ಟೇಷನ್ನಿಗೆ ಇಳಿಯೂದುಲ್ಲ, ಮುಂದ ಹೋಗತೇನಿ. ಎಲ್ಲೆರ ಹೋಗತೇನಿ."

ಮಾವನವರು ಗಂಟಲು ಸರಿಮಾಡಿಕೊಂಡರು. "ಹಂಗಲ್ಲವಾ ಕೋಮಲ. ಅವ್ರ ಸೋದರಮಾವ ಫೋನ್ ಮಾಡಿದ್ರು. ಅವಗೂ ಪೆಟ್ಟ ಬಿದ್ದೈತಿ, ಬುದ್ಧಿ ಬಂದಿರತೈತಿ. ಒಂದ ಸಲ ಹಿರ್ಯಾರು..."

ಗೋಡೆಗೆ ಒರಗಿಸಿದ್ದ ಸಲಿಕೆ ನನಗೆ ಕಾಣುತ್ತಿತ್ತು. ಏನೋ ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಅತ್ತೆ ಎದ್ದರು.

ತಲೆಗೆ ಬಿಳಿ ಪಟ್ಟಿ. ಕಪಾಟಿಗೆ ಹೋಗಿ ಆ ಟ್ಯೂಬನ್ನು ತಂದು ಮಾವನವರ ಮುಂದಿಟ್ಟರು. ಸೆರಗು ಸರಿಸಿ ಕುತ್ತಿಗೆ ತೋರಿಸಿದರು. ಹಚ್ಚುವುದು ಬಿಟ್ಟ ಮೇಲೆ ಕಲೆ ಎದ್ದಿದೆ, ಕೆಂಪಗೆ, ಬೆನ್ನವರೆಗೆ.

"ನೋಡ್ರಿ. ಇಷ್ಟ ವರ್ಷ ಒಳಗ ಇಷ್ಟ ಇತ್ತು. ಮ್ಯಾಲ ಚಂದ ಕಾಣತಿತ್ತಂತ ನಾ ಸುಮ್ಮನಿದ್ದೆ."

ಮಾವನವರು ಬೇರೆಡೆ ನೋಡಿದರು.

"ಮೂರ ಸಲ ಉಡಿ ತುಂಬಿ ಕಳಿಸೇನಿ, ಈ ಕೈಲೆ" ಎಂದರು ಅತ್ತೆ. ದನಿ ಎತ್ತಲಿಲ್ಲ. "ಅವ ಹೊಡದಿದ್ದು ಅವನ ಕರ್ಮ. ಹಿಡದ ಕೊಟ್ಟಿದ್ದು ಯಾರ ಕರ್ಮ?"

ಫೋನಿನ ಆಚೆ ಕೋಮಲ ಮೊದಲ ಸಲ ಅಳುವುದು ಕೇಳಿಸಿತು. ಅತ್ತೆ ಬಗ್ಗಿ ಫೋನಿಗೆ ಬಾಯಿ ಹಚ್ಚಿ, "ಬಾರವಾ. ಬಂದು ಒಂಟಿ ಇರ. ನಿನಗ ಬೇಕಾದಷ್ಟ ದಿನಾ" ಅಂದರು. ಮಾವನವರು ಎದ್ದು ಹೊರಗೆ ಹೋದರು. ಹೋಗುವಾಗ ಮೂಲೆಯಲ್ಲಿ ಸುತ್ತಿಟ್ಟಿದ್ದ ಜಮಖಾನೆಯನ್ನು ಎತ್ತಿಕೊಂಡು ಹೋಗಿ ಅಟ್ಟಕ್ಕೆ ಹಾಕಿದರು.

ಪೇಢೆಯ ಚರ್ಮ ಕೆರೆದು ವೃಷಭ ಮತ್ತೆ ನೋಡಿದ. ಈ ಸಲ ಗಾಜಿನ ಮೇಲೆ ಆ ನೂಲು ಕಾಣಲಿಲ್ಲ. ಇನ್ನೊಂದು ಸಲವೂ ಹೀಗೇ ಬಂದರೆ ಅನಂತಪುರದ ಗುಡ್ಡದ ಆಚೆ ಬದಿಗೆ, ಜೆಸಿಬಿ ಹೋಗದ ಕಡೆ ಬಿಡಬಹುದಂತೆ. ಮೂರು ಕಾಲಿನಲ್ಲಿ ಬದುಕುತ್ತದೆಯೇ ಎಂದು ಕೇಳಿದೆ. ಸಂಜೆ ತಿಪ್ಪೆಯಲ್ಲಿ ಅದು ಹುಳ ಹಿಡಿಯುವುದನ್ನು ನೋಡು ಅಂದ. ನೋಡಿದೆ, ಕೊನೆಯವರೆಗೂ. ಬೋಳಾಗಿದ್ದ ಬೆನ್ನಿನಲ್ಲಿ ಸಣ್ಣ ಬಿಳಿ ಮುಳ್ಳುಗಳು ಬರುತ್ತಿವೆ. ಮುಟ್ಟಿದರೆ ಈಗಲೇ ಚುಚ್ಚುತ್ತವೆ.

ಕೋಮಲಳಿಗೆಂದು ದವಾಖಾನೆಯ ಮೇಲಿನ ಕೋಣೆ ತೊಳೆದೆ. ಒಳಗಿನಿಂದ ಹಾಕುವ ಚಿಲಕ ಸಡಿಲಿತ್ತು, ಹೊಸದು ಹಾಕಿಸಿದೆ. ಸ್ಟೇಷನ್ನಿಗೆ ನಾನು ಮತ್ತು ಅತ್ತೆ ಇಬ್ಬರೇ ಹೋಗುತ್ತೇವೆ.

ಗುರುವಾರ, ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್.